ಅಮ್ಮನ ದುಡ್ಡಿಗೆ ಅಮ್ಮನೇ ಯಜಮಾನಿ

“ಪಿಂಚಣಿ ಬಂತೇನೇ?”

ತಿಂಗಳ ಕೊನೆ ಬಂದರೆ ಸಾಕು, ಕಾಫಿ ಲೋಟ ಕೆಳಗಿಡುವ ಮೊದಲೇ ನಮ್ಮಮ್ಮ ಕೇಳುವ ಪ್ರಶ್ನೆ ಇದು. ಅಪ್ಪ ಅರಸೀಕೆರೆಯಲ್ಲಿ ರೈಲ್ವೆ ನೌಕರಿಯಲ್ಲಿದ್ದವರು. 2016ರಲ್ಲಿ ಅವರು ತೀರಿಕೊಂಡ ಮೇಲೆ ಅಮ್ಮ ಒಂದು ತಗಡಿನ ಪೆಟ್ಟಿಗೆಯೊಂದಿಗೆ ನಮ್ಮ ಮನೆಗೆ ಬಂದಳು. ಅದರಲ್ಲಿ ಎರಡು ರೇಷ್ಮೆ ಸೀರೆ, ಅಪ್ಪನ ಕನ್ನಡಕ, ಪಿಂಚಣಿಯ ಕಾಗದ, ಪಾಸ್‌ಬುಕ್ಕು. ಅಂದಿನಿಂದ ಅವಳ ಕುಟುಂಬ ಪಿಂಚಣಿಯ ವ್ಯವಹಾರವೆಲ್ಲ ನನ್ನ ತಲೆಗೇ ಬಂತು. ಎಸ್ಸೆಸ್ಸೆಲ್ಸಿಗೇ ಓದು ನಿಲ್ಲಿಸಿದ ನನಗೆ ಬ್ಯಾಂಕಿನ ಚೀಟಿ ತುಂಬುವಾಗಲೂ ಕೈ ನಡುಗುತ್ತಿತ್ತು.

ಪಿಂಚಣಿ ಪಡೆಯುವವರು ಪ್ರತಿ ನವೆಂಬರಿನಲ್ಲಿ ತಾವು ಬದುಕಿದ್ದೇವೆಂದು ಜೀವಿತ ಪ್ರಮಾಣಪತ್ರ ಕೊಡಬೇಕಷ್ಟೆ. ಒಂದು ವರ್ಷ ಬ್ಯಾಂಕಿನ ಯಂತ್ರ ಅಮ್ಮನ ಬೆರಳಚ್ಚನ್ನು ಹಿಡಿಯಲೇ ಇಲ್ಲ. ಪಾತ್ರೆ ತಿಕ್ಕಿ, ರುಬ್ಬಿ, ಬೀಸಿ ಸವೆದ ಬೆರಳು! “ಇನ್ನೊಂದು ದಿನ ಬನ್ನಿ” ಎಂದರು. ಮದುವೆ ಮನೆಗಳ ಓಡಾಟದಲ್ಲಿ ನನಗೆ ಮರೆತೇಹೋಯಿತು. ಪಿಂಚಣಿ ನಿಂತಿತು. “ನಾನು ಬದುಕಿರೋದು ಅವರಿಗೆ ಗೊತ್ತಿಲ್ವಂತೇನೇ?” ಎಂದು ಅಮ್ಮ ನಕ್ಕಳು. ನನಗೆ ಮಾತ್ರ ನಗು ಬರಲಿಲ್ಲ. ಆಮೇಲೆ ಪತ್ರ ಕೊಟ್ಟಾಗ ಬಾಕಿಯೂ ಸೇರಿ ಬಂತೆನ್ನಿ.

ಆದರೆ ನಿಜವಾದ ತಪ್ಪು ನಾನು ಮಾಡಿದ್ದು ಬೇರೆ. ಮಗಳ ಕಾಲೇಜಿನ ಫೀಸಿಗೆ ದುಡ್ಡು ಸಾಲದೆ ಬಂದಾಗ ಅಮ್ಮನ ಎಟಿಎಂ ಕಾರ್ಡಿನಿಂದ ಎಂಟು ಸಾವಿರ ತೆಗೆದೆ. ಮುಂದಿನ ತಿಂಗಳು ತುಂಬಿಬಿಡೋಣ, ಹೇಳುವುದೇಕೆ ಎಂದುಕೊಂಡೆ. ಬೆಂಗಳೂರಿನಿಂದ ಬಂದ ತಮ್ಮ ಅಮ್ಮನ ಎದುರಿಗೇ ಪಾಸ್‌ಬುಕ್ಕು ಓದಿದ. “ಅಕ್ಕಾ, ಈ ಎಂಟು ಸಾವಿರ ಯಾತಕ್ಕೆ?” ಎಂದ. ನನ್ನ ಬಾಯಿ ಕಟ್ಟಿಹೋಯಿತು. ಅಮ್ಮ ಬೈಯಲಿಲ್ಲ. “ಕೇಳಿದ್ರೆ ನಾನೇ ಕೊಡ್ತಿದ್ದೆನಲ್ಲೇ” ಎಂದಳು, ಅಷ್ಟೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುದಿನವೇ ನಲವತ್ತು ಪುಟದ ನೋಟ್‌ಬುಕ್ಕು ತಂದೆ. ಅಮ್ಮನ ಮಾತ್ರೆ, ಅವಳ ಸೀರೆ, ಅವಳ ದೇವರ ಹುಂಡಿ, ಎಲ್ಲವೂ ಅದರಲ್ಲಿ. ತಿಂಗಳಿಗೊಮ್ಮೆ ಅವಳಿಗೆ ಓದಿ ಹೇಳುತ್ತೇನೆ, ತಮ್ಮನಿಗೂ ತೋರಿಸುತ್ತೇನೆ. ಆ ಎಂಟು ಸಾವಿರವನ್ನೂ ನಾಲ್ಕು ಕಂತಿನಲ್ಲಿ ಖಾತೆಗೆ ಕಟ್ಟಿ ಬರೆದಿಟ್ಟಿದ್ದೇನೆ.

ನನ್ನಂತೆ ಹೆತ್ತವರ ವ್ಯವಹಾರ ನೋಡಿಕೊಳ್ಳುವ ಸೋದರಿಯರಿಗೆ ನಾನು ಕಲಿತ ನಾಲ್ಕು ಮಾತು:

* ಕೇಂದ್ರ ಸರ್ಕಾರದ ಪಿಂಚಣಿಯಾದರೆ, 80 ತುಂಬಿದವರು ಜೀವಿತ ಪ್ರಮಾಣಪತ್ರವನ್ನು ಅಕ್ಟೋಬರ್ 1ರಿಂದಲೇ ಕೊಡಬಹುದು. ಬೆರಳು ಮೂಡದಿದ್ದರೆ ಹೆದರಬೇಡಿ. 2021ರಿಂದ ಮೊಬೈಲಿನಲ್ಲಿ ಮುಖ ತೋರಿಸಿಯೂ ಕೊಡಬಹುದಾಗಿದೆ. ಅಂಚೆಯವರನ್ನು ಮನೆಗೇ ಕರೆಸಿಕೊಳ್ಳುವ ಅನುಕೂಲವೂ ಇದೆ.

* 70 ದಾಟಿದವರಿಗೆ ಮನೆ ಬಾಗಿಲಿಗೇ ಸೇವೆ ಒದಗಿಸಬೇಕೆಂದು ರಿಸರ್ವ್ ಬ್ಯಾಂಕು 2017ರಲ್ಲೇ ಬ್ಯಾಂಕುಗಳಿಗೆ ಸೂಚಿಸಿದೆ. ಸಂಕೋಚವಿಲ್ಲದೆ ಕೇಳಿ. ಹಾಸಿಗೆ ಹಿಡಿದವರು ಹೆಬ್ಬೆಟ್ಟು ಒತ್ತಿಯೂ ಹಣ ತೆಗೆಯಬಹುದು. ಬ್ಯಾಂಕಿಗೆ ಪರಿಚಯವಿರುವ ಇಬ್ಬರು ಸಾಕ್ಷಿ ಬೇಕು, ಅವರಲ್ಲೊಬ್ಬರು ಬ್ಯಾಂಕಿನ ಅಧಿಕಾರಿಯೇ ಆಗಿರಬೇಕು.

* ಕೇಂದ್ರದ ಕುಟುಂಬ ಪಿಂಚಣಿಯ ಮೂಲ ಮೊತ್ತಕ್ಕೆ 80 ತುಂಬಿದಾಗ ಶೇಕಡಾ 20 ಹೆಚ್ಚುವರಿ ಸೇರುತ್ತದೆ. ಪಿಂಚಣಿ ಕಾಗದದಲ್ಲಿ ತಾಯಿಯ ಹುಟ್ಟಿದ ತಾರೀಖು ಇದೆಯೇ ಎಂದು ಇವತ್ತೇ ನೋಡಿ.

* ನಾಮಿನಿಯ ಹೆಸರು ಬರೆಸಿ. ಆದರೆ ನಾಮಿನಿ ಎಂದರೆ ಹಣದ ಒಡೆಯರಲ್ಲ, ಹಣ ಪಡೆದು ವಾರಸುದಾರರಿಗೆ ಒಪ್ಪಿಸಬೇಕಾದವರು. ಇದನ್ನು ಒಡಹುಟ್ಟಿದವರೆಲ್ಲ ಕೂತು ಮೊದಲೇ ಮಾತಾಡಿಕೊಂಡರೆ ಆಮೇಲೆ ಮನಸ್ತಾಪವಿಲ್ಲ.

ಎಟಿಎಂ ಕಾರ್ಡು ಈಗಲೂ ನನ್ನ ಬಳಿಯೇ ಇದೆ. ಆದರೆ “ಪಿಂಚಣಿ ಬಂತೇನೇ?” ಎಂದರೆ ನನ್ನ ಉತ್ತರ ಬದಲಾಗಿದೆ. “ಬಂತಮ್ಮಾ. ಈ ತಿಂಗಳು ಏನೇನು ಮಾಡೋಣ, ನೀನೇ ಹೇಳು.”

ಅಮ್ಮ ನೆಟ್ಟಗೆ ಕೂತು, ಬೆರಳು ಮಡಚಿ ಲೆಕ್ಕ ಹಾಕುತ್ತಾಳೆ. ಮೊದಲ ಬೆರಳು ಯಾವಾಗಲೂ ಮೊಮ್ಮಗಳಿಗೆ.