ಎಫ್ 1 ಎಂಬ ಮನೆಮೇಷ್ಟ್ರು

ಮಗಳು ‘ಅಬಾಪ್’ ಕಲಿಯುತ್ತೇನೆ ಎನ್ನುತ್ತಾಳೆ. ಶುಲ್ಕ ಕೇಳಿದ ಅಪ್ಪ ಬೆರಳು ಮಡಿಸಿ ಲೆಕ್ಕ ಹಾಕುತ್ತಾರೆ. ಹಣ ಕಟ್ಟುವ ಮುನ್ನ ಇಬ್ಬರಿಗೂ ಒಂದು ಸಂಗತಿ ತಿಳಿದಿರಲಿ: ಈ ಭಾಷೆಯ ಪಠ್ಯಪುಸ್ತಕ ಕಂಪ್ಯೂಟರಿನೊಳಗೇ ಇದೆ.

1972ರಲ್ಲಿ ಜರ್ಮನಿಯಲ್ಲಿ ಆರಂಭವಾದ ಎಸ್‌ಎಪಿ ಕಂಪನಿಯ ಭಾಷೆ ಇದು. ಕಾರ್ಖಾನೆಗಳ ದಾಸ್ತಾನು, ಸಂಬಳ, ಲೆಕ್ಕಪತ್ರ ನೋಡಿಕೊಳ್ಳುವ ಪ್ರೋಗ್ರಾಂಗಳನ್ನು ಇದರಲ್ಲಿ ಬರೆಯುತ್ತಾರೆ. ಬೆಂಗಳೂರಿನಲ್ಲೂ ಕಂಪನಿಯ ಕೇಂದ್ರವಿದೆ.

ಪ್ರೋಗ್ರಾಂ ಬರೆಯುವ ಪರದೆಯಲ್ಲಿ ‘ಸೆಲೆಕ್ಟ್’ ಪದದ ಮೇಲೆ ಕರ್ಸರ್ ಇಟ್ಟು ಎಫ್ 1 ಕೀಲಿ ಒತ್ತಿ. ಅದರ ಅರ್ಥ, ಬಳಸುವ ಕ್ರಮ, ಉದಾಹರಣೆ ಎದುರಿಗೆ ಬರುತ್ತವೆ. ‘ಅಬಾಪ್‌ಡಾಕು’ ಎಂಬ ಆಜ್ಞೆ ಕೊಟ್ಟರೆ ಮಾದರಿ ಪ್ರೋಗ್ರಾಂಗಳ ಭಂಡಾರವೇ ತೆರೆಯುತ್ತದೆ. ಅಭ್ಯಾಸಕ್ಕೆಂದೇ ವಿಮಾನಯಾನದ ಕೋಷ್ಟಕಗಳಿವೆ: ‘ಎಸ್‌ಫ್ಲೈಟ್’ನಲ್ಲಿ ವಿಮಾನಗಳು, ‘ಎಸ್‌ಬುಕ್’ನಲ್ಲಿ ಟಿಕೆಟ್ ಕಾಯ್ದಿರಿಸಿದ ವಿವರ.

ಓದಿದರೆ ಸಾಲದು, ಕೆಡಿಸಿ ನೋಡಬೇಕು. ವಿಮಾನಗಳ ಪಟ್ಟಿ ಕೊಡುವ ಮಾದರಿಯೊಂದನ್ನು ‘ಝಡ್’ನಿಂದ ಶುರುವಾಗುವ ಹೆಸರಿಗೆ ನಕಲು ಮಾಡಿಕೊಳ್ಳಿ. ಲುಫ್ತಾನ್ಸಾದ ಸಂಕೇತ ‘ಎಲ್‌ಎಚ್’ ಇರುವಲ್ಲಿ ಕೋಷ್ಟಕದಲ್ಲೇ ಇಲ್ಲದ ಸಂಕೇತ ಹಾಕಿ ಓಡಿಸಿ. ಪಟ್ಟಿ ಖಾಲಿ! ‘ಎಸ್‌ವೈ-ಸಬ್‌ಆರ್‌ಸಿ’ ಎಂಬ ವೇರಿಯಬಲ್‌ನಲ್ಲಿ 0 ಬದಲು 4 ಬಂದಿರುತ್ತದೆ. ಹುಡುಕಿದ್ದು ಸಿಗಲಿಲ್ಲ ಎಂದರ್ಥ. ಮೇಷ್ಟ್ರು ಹತ್ತು ಸಲ ಹೇಳಿದರೂ ಮರೆಯುವ ಈ ವಿಷಯ ಹೀಗೆ ಒಮ್ಮೆ ಕಂಡರೆ ಮರೆಯದು.

ವಿವರಣೆ ಕನ್ನಡದಲ್ಲಿಲ್ಲ. ಇಂಗ್ಲಿಷಿಗೆ ತಿಣುಕುವವರು ಮೊದಲು ಉದಾಹರಣೆ ಓಡಿಸಿ, ಆಮೇಲೆ ವಿವರಣೆ ಓದಲಿ. ಜಮಾ-ಖರ್ಚು ಎಂದರೇನೆಂದು ಮಾತ್ರ ಎಫ್ 1 ಕಲಿಸದು; ಅದಕ್ಕೆ ಬಿ.ಕಾಂ. ಓದಿದ ಅಣ್ಣನೋ ಅಕ್ಕನೋ ಬೇಕು.

ಇನ್ನು ಅಪ್ಪ ತರಬೇತಿ ಕೇಂದ್ರದಲ್ಲಿ ಕೇಳಬೇಕಾದ ಪ್ರಶ್ನೆ: ಪಾಠ ಮುಗಿದ ಮೇಲೆ ಮಗಳು ದಿನಕ್ಕೆಷ್ಟು ಗಂಟೆ ಎಸ್‌ಎಪಿ ಇರುವ ಯಂತ್ರದ ಮುಂದೆ ಒಬ್ಬಳೇ ಕೂರಬಹುದು?