ಆತ್ಮಿಕ ಹೋರಾಟ: ಅರ್ಥ ಮತ್ತು ಅಪಾರ್ಥ

ದಾಂಡೇಲಿಯಿಂದ ಕುಳಗಿಯ ಕಡೆಗೆ ಹೊರಟರೆ ಕಾಗದದ ಕಾರ್ಖಾನೆಯ ಊರು ಹಿಂದೆ ಸರಿದು ಕಾಡು ಎದುರಾಗುತ್ತದೆ. ಇಂದು ಕಾಳಿ ಹುಲಿ ಸಂರಕ್ಷಿತ ಪ್ರದೇಶವೆನಿಸಿರುವ ಈ ಸೀಮೆಯಲ್ಲಿಯೂ ನೆರೆಯ ಹಳಿಯಾಳ, ಜೋಯಿಡಾ, ಮುಂಡಗೋಡ ತಾಲ್ಲೂಕುಗಳಲ್ಲಿಯೂ ಕುಣಬಿ, ಗೌಳಿ, ಸಿದ್ದಿ, ಮರಾಠಾ ಮೊದಲಾದ ಸಮುದಾಯಗಳು ಅಕ್ಕಪಕ್ಕದಲ್ಲಿ ಬಾಳುತ್ತಿವೆ. ಮುಂಡಗೋಡದಲ್ಲಿ ಟಿಬೆಟಿನ ನಿರಾಶ್ರಿತರ ನೆಲೆಯೂ ಇದೆ. ಇಂಥ ನಾಡಿಗೆ ಸೇವೆಗಾಗಿ ಹೋಗುವ ಯುವ ಸಭಾಪಾಲಕನಿಗೆ ‘ಆತ್ಮಿಕ ಯುದ್ಧ’ ಎಂಬ ಮಾತು ಬಹುಬೇಗ ಎದುರಾಗುತ್ತದೆ. ಕೆಲವರು ಅದನ್ನು ಕಾಯಿಲೆಯ ಹಾಸಿಗೆಯ ಬಳಿ ಆಡುತ್ತಾರೆ; ಕೆಲವರು ನೆರೆಯವರ ಗುಡಿಯನ್ನು ತೋರಿಸಿ ಆಡುತ್ತಾರೆ; ಇನ್ನು ಕೆಲವರು ಸಭೆಯೊಳಗಿನ ಭಿನ್ನಾಭಿಪ್ರಾಯವನ್ನು ಅಡಗಿಸಲು ಆಡುತ್ತಾರೆ. ಮಾತು ಸತ್ಯವೇದದ್ದೇ, ಆದರೆ ಬಳಕೆಯೆಲ್ಲವೂ ಸತ್ಯವೇದದ್ದಲ್ಲ. ಇವೆರಡನ್ನೂ ಬೇರ್ಪಡಿಸಿ ನೋಡುವುದು ಈ ಲೇಖನದ ಉದ್ದೇಶ.

ಸತ್ಯವೇದದ ಸಾಕ್ಷ್ಯ

ಈ ವಿಷಯದಲ್ಲಿ ನಾವೆಲ್ಲರೂ ಮೊದಲು ತೆರೆಯುವುದು ಎಫೆಸದವರಿಗೆ ಬರೆದ ಪತ್ರಿಕೆಯ 6ನೆಯ ಅಧ್ಯಾಯವನ್ನು. ಅಲ್ಲಿ ನಾಲ್ಕು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದಾಗಿ, ನಮ್ಮ ಹೋರಾಟ ಮನುಷ್ಯಮಾತ್ರದವರೊಂದಿಗೆ ಅಲ್ಲವೆಂದು ಪತ್ರಿಕೆ ಸ್ಪಷ್ಟವಾಗಿ ಹೇಳುತ್ತದೆ. ಇದನ್ನು ಬರೆದವನು ತಾನು ಬೇಡಿಯಲ್ಲಿರುವ ರಾಯಭಾರಿಯೆಂದು 20ನೆಯ ವಚನದಲ್ಲಿ ಹೇಳಿಕೊಳ್ಳುತ್ತಾನೆ; ಆದರೂ ತನ್ನನ್ನು ಕಾಯುವ ಸಿಪಾಯಿಯನ್ನು ವೈರಿಯೆಂದು ಕರೆಯುವುದಿಲ್ಲ. ಎರಡನೆಯದಾಗಿ, ಸರ್ವಾಯುಧವು ದೇವರದು. ನೀತಿಯ ಕವಚವನ್ನೂ ರಕ್ಷಣೆಯ ಶಿರಸ್ತ್ರಾಣವನ್ನೂ ಮೊದಲು ಧರಿಸಿದವನು ಯೆಶಾಯ 59ರಲ್ಲಿ ದೇವರೇ. ಅನ್ಯಾಯವನ್ನು ತಡೆಯುವವರು ಯಾರೂ ಇಲ್ಲದ್ದನ್ನು ಕಂಡು ಆತನು ಅದನ್ನು ತೊಟ್ಟನು. ಆದುದರಿಂದ ನ್ಯಾಯದ ಹಂಬಲವಿಲ್ಲದವನ ಮೈಗೆ ಈ ಕವಚ ಒಪ್ಪುವುದಿಲ್ಲ. ಮೂರನೆಯದಾಗಿ, 11ರಿಂದ 14ರವರೆಗಿನ ವಚನಗಳಲ್ಲಿ ಮತ್ತೆಮತ್ತೆ ಬರುವ ಕ್ರಿಯಾಪದ ‘ನಿಲ್ಲುವುದು’. ಮುನ್ನುಗ್ಗಿ ಸೀಮೆಗಳನ್ನು ಗೆಲ್ಲಿರೆಂಬ ಆಜ್ಞೆ ಅಲ್ಲಿಲ್ಲ. ನಾಲ್ಕನೆಯದಾಗಿ, ಇಲ್ಲಿನ ಕ್ರಿಯಾಪದಗಳು ಬಹುವಚನದಲ್ಲಿವೆ. ಕನ್ನಡದಲ್ಲಿ ಬಹುವಚನವು ಗೌರವಸೂಚಕವೂ ಆಗಿರುವುದರಿಂದ ಈ ಅಂಶ ನಮ್ಮ ಕಣ್ಣು ತಪ್ಪುತ್ತದೆ. ಸರ್ವಾಯುಧವನ್ನು ಧರಿಸುವುದು ಇಡೀ ಸಭೆ, ಒಬ್ಬ ವರಪುರುಷನಲ್ಲ.

ಸುವಾರ್ತೆಗಳು ದುರಾತ್ಮಗಳ ವಿಷಯವನ್ನು ಮರೆಮಾಚುವುದಿಲ್ಲ. ಯೇಸು ಅವುಗಳನ್ನು ಗದರಿಸಿ ಬಿಡಿಸಿದನು. ಆದರೆ ಮಾರ್ಕ 5ರಲ್ಲಿ ಸಮಾಧಿಗಳ ನಡುವೆ ಬಾಳುತ್ತಿದ್ದವನ ಕಥೆ ಎಲ್ಲಿ ಮುಗಿಯುತ್ತದೆಂಬುದನ್ನು ನೋಡಿರಿ. ಅವನು ಬಟ್ಟೆ ತೊಟ್ಟು, ಸ್ವಸ್ಥಬುದ್ಧಿಯಿಂದ ಕುಳಿತಿದ್ದಾನೆ. ಬಳಿಕ ಅವನನ್ನು ಅವನ ಮನೆಯವರ ಬಳಿಗೆ ಕಳುಹಿಸಲಾಗುತ್ತದೆ. ಊರವರು ಸರಪಣಿ ಹಾಕಿದ್ದರು, ಯೇಸು ಹಾಕಲಿಲ್ಲ. ಬಿಡುಗಡೆಯ ಗುರುತು ಕೂಗಾಟವಲ್ಲ, ಮಾನವೂ ಮನೆಯೂ ಮರಳಿ ದೊರೆಯುವುದು. ದೆವ್ವಗಳು ತಮಗೆ ಅಧೀನವಾದವೆಂದು ಹಿಗ್ಗಿ ಬಂದ ಎಪ್ಪತ್ತು ಮಂದಿಗೆ ಲೂಕ 10ರಲ್ಲಿ ಕರ್ತನು ಕೊಟ್ಟ ಉತ್ತರವೂ ಇದಕ್ಕೆ ಹೊಂದಿಕೆಯಾಗಿದೆ: ಹಿಗ್ಗಬೇಕಾದದ್ದು ಅಧಿಕಾರಕ್ಕಲ್ಲ, ಪರಲೋಕದಲ್ಲಿ ಹೆಸರು ಬರೆದಿರುವುದಕ್ಕೆ. ಯೇಸುವಿನ ಹೆಸರನ್ನು ಮಂತ್ರದಂತೆ ಉಪಯೋಗಿಸಿದ ಸ್ಕೇವನ ಮಕ್ಕಳ ಗತಿ ಅಪೊಸ್ತಲರ ಕೃತ್ಯಗಳು 19ರಲ್ಲಿದೆ. ಇನ್ನು ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯ 2:15ರ ಪ್ರಕಾರ ಶಕ್ತಿಗಳು ಶಿಲುಬೆಯಲ್ಲಿಯೇ ನಿರಾಯುಧವಾದವು. ಗೆಲ್ಲಬೇಕಾದ ಯುದ್ಧವನ್ನು ನಮ್ಮ ಕೈಗೆ ಒಪ್ಪಿಸಲಾಗಿಲ್ಲ; ಗೆದ್ದವನ ಜಯದಲ್ಲಿ ನೆಲೆನಿಲ್ಲುವಂತೆ ನಮಗೆ ಹೇಳಲಾಗಿದೆ.

ಎರಡು ತಪ್ಪುದಾರಿಗಳು

ದುರಾತ್ಮವೆಂಬುದೇ ಇಲ್ಲವೆಂದು ನಕ್ಕುಬಿಡುವುದು ಒಂದು ತಪ್ಪುದಾರಿ. ಎಲ್ಲದರಲ್ಲಿಯೂ ಅದನ್ನೇ ಕಾಣುವುದು ಇನ್ನೊಂದು. ಭಾರತದಲ್ಲಿಯೇ ಹುಟ್ಟಿ, ಇಂದಿನ ತೆಲಂಗಾಣದ ಮಹಬೂಬ್‌ನಗರದಲ್ಲಿ ಮಿಷನರಿಯಾಗಿದ್ದ ಪಾಲ್ ಹೀಬರ್ಟ್ ಅವರು 1982ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಮೊದಲನೆಯ ತಪ್ಪನ್ನು ತಮ್ಮ ಮೇಲೆಯೇ ಹೊರಿಸಿಕೊಂಡರು. ಪಾಶ್ಚಾತ್ಯ ಶಿಕ್ಷಣ ಪಡೆದವರಿಗೆ ಮೇಲೆ ದೇವರಿದ್ದನು, ಕೆಳಗೆ ವಿಜ್ಞಾನವಿತ್ತು. ನಡುವಿನ ಅಂತಸ್ತು ಖಾಲಿಯಾಗಿತ್ತು. ಹಳ್ಳಿಯ ಜನರ ಭಯಗಳೆಲ್ಲ ಇದ್ದದ್ದು ಆ ನಡುವಿನ ಅಂತಸ್ತಿನಲ್ಲಿಯೇ. ಬೋಧಕರಿಂದ ಉತ್ತರ ಸಿಗದಾದಾಗ ಜನರು ಮಂತ್ರವಾದಿಯ ಬಳಿಗೆ ಮರಳಿದರು. ಆದರೆ ಅದೇ ಲೇಖನದಲ್ಲಿ ಹೀಬರ್ಟ್ ಎರಡನೆಯ ಅಪಾಯವನ್ನೂ ತೋರಿಸಿದರು: ಎಲ್ಲವನ್ನೂ ಆತ್ಮಗಳಿಂದಲೇ ವಿವರಿಸತೊಡಗಿದರೆ ಕ್ರೈಸ್ತವಿಶ್ವಾಸವು ಭೂತಾರಾಧನೆಯ ಇನ್ನೊಂದು ರೂಪವಾಗುತ್ತದೆ. ತಾಯಿತ ಹೋಗಿ ಮಂತ್ರಿಸಿದ ಎಣ್ಣೆಯ ಸೀಸೆ ಬಂದರೆ ಭಯವು ಯಜಮಾನನನ್ನು ಬದಲಿಸಿತೇ ಹೊರತು ಅಳಿಯಲಿಲ್ಲ.

ನೆಲವನ್ನು ವೈರಿಯೆನ್ನುವ ಬೋಧನೆ

1980ರ ದಶಕದ ಕೊನೆಯಿಂದ ಅಮೆರಿಕದ ಸಿ. ಪೀಟರ್ ವ್ಯಾಗ್ನರ್ ಮೊದಲಾದವರು ಒಂದೊಂದು ಊರಿಗೂ ಸೀಮೆಗೂ ಒಂದೊಂದು ದುರಾತ್ಮ ಒಡೆಯನಾಗಿದೆ, ಅದರ ಹೆಸರನ್ನು ಪತ್ತೆಹಚ್ಚಿ ಬಂಧಿಸಿದರೆ ಮಾತ್ರ ಸುವಾರ್ತೆಗೆ ದಾರಿ ತೆರೆಯುತ್ತದೆ ಎಂಬ ಬೋಧನೆಯನ್ನು ಹರಡಿದರು. ಇದಕ್ಕೆ ಆಧಾರವಾಗಿ ದಾನಿಯೇಲ 10ರಲ್ಲಿ ಬರುವ ಪಾರಸಿಯ ದಿವ್ಯಪಾಲಕನ ಮಾತನ್ನು ಎತ್ತಿಕೊಳ್ಳುತ್ತಾರೆ. ಆದರೆ ದಾನಿಯೇಲನು ಯಾವ ಆತ್ಮಕ್ಕೂ ಆಜ್ಞಾಪಿಸಲಿಲ್ಲ. ಅವನು ಶೋಕದಿಂದ ಉಪವಾಸವಿದ್ದು ದೇವರಿಗೆ ಮೊರೆಯಿಟ್ಟನು. ಮೇಲಣ ಹೋರಾಟದ ಸಂಗತಿ ಅವನಿಗೆ ತಿಳಿದದ್ದು ಬಳಿಕ, ದೂತನ ಬಾಯಿಂದ. 1993ರಲ್ಲಿ ಲಂಡನಿನಲ್ಲಿ ಸೇರಿದ ಲೊಸಾನ್ ಚಳವಳಿಯ ಕಾರ್ಯತಂಡವು ದುರಾತ್ಮಗಳ ನಿಜತ್ವವನ್ನು ಒಪ್ಪಿಕೊಂಡರೂ ಯುದ್ಧದ ಭಾಷೆ ನಮ್ಮನ್ನು ಮನುಷ್ಯರ ವಿರೋಧಿಗಳನ್ನಾಗಿ ಮಾಡೀತೆಂದೂ, ಸಮಾಧಾನ, ಪಶ್ಚಾತ್ತಾಪ ಮತ್ತು ಸಂಧಾನದ ಭಾಷೆಗೆ ಅಷ್ಟೇ ಪ್ರಾಧಾನ್ಯ ಬೇಕೆಂದೂ ಎಚ್ಚರಿಸಿತು.

ಈ ಎಚ್ಚರಿಕೆಯನ್ನು ಹಳಿಯಾಳ–ಮುಂಡಗೋಡ ಸೀಮೆಯಲ್ಲಿಟ್ಟು ನೋಡೋಣ. ಸಿದ್ದಿಗಳ ಪೂರ್ವಜರಲ್ಲಿ ಅನೇಕರನ್ನು ಪೋರ್ತುಗೀಸರು ಆಫ್ರಿಕದಿಂದ ಗುಲಾಮರನ್ನಾಗಿ ಗೋವೆಗೆ ತಂದಿದ್ದರು. ಅಲ್ಲಿಂದ ತಪ್ಪಿಸಿಕೊಂಡವರು ಘಟ್ಟದ ಕಾಡುಗಳನ್ನು ಸೇರಿದರು. ಅವರನ್ನು ಕೊಂಡವರು ಸ್ನಾನದೀಕ್ಷೆ ಪಡೆದವರು, ಗುಡಿಯಲ್ಲಿ ಮೊಣಕಾಲೂರಿದವರು. ಅವರಿಗೆ ಆಶ್ರಯವಿತ್ತದ್ದು ಈ ಕಾಡು. ಅದೇ ಗೋವೆಯಲ್ಲಿ 1560ರಲ್ಲಿ ಆರಂಭವಾದ ಧರ್ಮವಿಚಾರಣಾ ಮಂಡಳಿಯು, ನಡುವೆ ಕೆಲವು ವರ್ಷಗಳನ್ನು ಬಿಟ್ಟರೆ, 1812ರವರೆಗೂ ಜನರ ಮನೆವಾರ್ತೆಯ ಆಚಾರಗಳಲ್ಲಿ ಕೂಡ ಅಪರಾಧವನ್ನು ಹುಡುಕಿತು. ಹೀಗಿರುವಾಗ ಇಂದು ಬೋಧಕನೊಬ್ಬನು ಬಂದು ಈ ಕಾಡೇ ಸೈತಾನನ ಕೋಟೆಯೆಂದು ಸಾರಿದರೆ ಅವನು ಚರಿತ್ರೆಯನ್ನು ತಲೆಕೆಳಗು ಮಾಡುತ್ತಾನೆ. ಇಲ್ಲಿ ಅಂಧಕಾರದ ಅಧಿಪತ್ಯವೆಂದು ಹೆಸರಿಡಬೇಕಾದದ್ದು ಯಾವುದಾದರೂ ಇದ್ದರೆ ಅದು ಮನುಷ್ಯನನ್ನು ಸರಕಾಗಿಸಿದ ಆ ವ್ಯಾಪಾರ.

‘ರಾಜತ್ವಗಳು, ಅಧಿಕಾರಗಳು’ ಎಂಬ ಮಾತುಗಳಿಗೆ ಇಂಥ ಅರ್ಥವೂ ಉಂಟೆಂದು ಡಚ್ ದೈವಶಾಸ್ತ್ರಜ್ಞ ಹೆಂಡ್ರಿಕ್ ಬರ್ಕೋಫ್ 1953ರಲ್ಲಿ ಬರೆದರು. 1984ರಿಂದ ಅಮೆರಿಕದ ವಾಲ್ಟರ್ ವಿಂಕ್ ಅದನ್ನು ವಿಸ್ತರಿಸಿದರು. ಶಕ್ತಿಗಳನ್ನು ಕೇವಲ ಸಾಮಾಜಿಕ ವ್ಯವಸ್ಥೆಗಳೆಂದು ಇಳಿಸಿಬಿಡುವುದನ್ನು ನಾವು ಒಪ್ಪುವುದಿಲ್ಲ; ಪೌಲನು ಅದಕ್ಕಿಂತ ಹೆಚ್ಚಿನದನ್ನು ಹೇಳುತ್ತಾನೆ. ಆದರೂ ಜಾತಿ, ಜೀತ, ಸಾರಾಯಿಯ ಸಾಲ, ನೆಲದ ಹಕ್ಕಿಲ್ಲದ ಬದುಕು ಇವುಗಳ ಮುಂದೆ ಮೌನವಾಗಿದ್ದು ಮರದ ಬುಡದ ಕಲ್ಲನ್ನು ಮಾತ್ರ ಗದರಿಸುವ ಪ್ರಾರ್ಥನೆಯು ವೈರಿಯ ಗುರುತನ್ನೇ ತಪ್ಪಿದೆ.

ಸಿದ್ದಿಗಳಲ್ಲಿ ಹಿಂದೂಗಳೂ ಮುಸಲ್ಮಾನರೂ ಕ್ರೈಸ್ತರೂ ಇದ್ದಾರೆ. ‘ಹಿರಿಯರ’ ಸ್ಮರಣೆ ಅವರನ್ನು ಒಂದುಗೂಡಿಸುತ್ತದೆ. ಸತ್ತವರಿಂದ ವರ ಬೇಡುವುದು ಬೇರೆ, ಗುಲಾಮಗಿರಿಯನ್ನು ದಾಟಿಬಂದ ಅಜ್ಜಅಜ್ಜಿಯರನ್ನು ಕೃತಜ್ಞತೆಯಿಂದ ನೆನೆಯುವುದು ಬೇರೆ. ಈ ಭೇದವನ್ನು ಆ ಜನರೊಡನೆ ಕುಳಿತು ವಿಚಾರಿಸಬೇಕು. ಹೊರಗಿನಿಂದ ಬಂದವನು ಮೊದಲ ದಿನವೇ ತೀರ್ಪು ಕೊಡಬಾರದು. ಪ್ರಧಾನ ದೂತನಾದ ಮೀಕಾಯೇಲನೇ ಸೈತಾನನನ್ನು ದೂಷಿಸಲು ಧೈರ್ಯಪಡದೆ ಕರ್ತನಿಗೆ ತೀರ್ಪನ್ನು ಬಿಟ್ಟನೆಂದು ಯೂದನು ಬರೆದಿದ್ದಾನಲ್ಲವೇ?

ರೋಗಿಯ ಹಾಸಿಗೆಯ ಬಳಿ

ದುರುಪಯೋಗದ ಅತ್ಯಂತ ಕಠಿಣ ಫಲವನ್ನು ಉಣ್ಣುವವರು ರೋಗಿಗಳು. ಕಾಡಂಚಿನ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಹೆರಿಗೆಯಾಗಿ ಎರಡು ವಾರವಾದ ತಾಯಿ ನಿದ್ದೆಯಿಲ್ಲದೆ ಅಸಂಬದ್ಧವಾಗಿ ಮಾತಾಡುತ್ತಾಳೆ. ಮಗುವನ್ನು ಕಂಡರೆ ಬೆದರುತ್ತಾಳೆ. ಮನೆಯವರು ರಾತ್ರಿಯಲ್ಲಿ ಸಭಾಪಾಲಕನನ್ನು ಕರೆಯುತ್ತಾರೆ. ಅವನು ದುರಾತ್ಮವೆಂದು ನಿರ್ಣಯಿಸಿ ಮೂರು ದಿನ ಉಪವಾಸಕ್ಕೆ ಕೂರಿಸಿದರೆ ಇಬ್ಬರ ಪ್ರಾಣವೂ ಅಪಾಯಕ್ಕೆ ಸಿಕ್ಕುತ್ತದೆ; ಏಕೆಂದರೆ ಇದು ಬಾಣಂತಿಯರಲ್ಲಿ ಕಾಣಿಸಿಕೊಳ್ಳುವ, ಔಷಧದಿಂದ ವಾಸಿಯಾಗಬಲ್ಲ ತೀವ್ರ ಮನೋರೋಗವಾಗಿರಬಹುದು. ಮೂರ್ಛೆರೋಗದ ವಿಷಯವೂ ಹೀಗೆಯೇ. ಬೆಂಗಳೂರಿನ ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮಾನಸಿಕ ಕಾಯಿಲೆಯುಳ್ಳವರಲ್ಲಿ, ಕಾಯಿಲೆಯ ಬಗೆಗೆ ಅನುಗುಣವಾಗಿ, ಶೇಕಡ 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆಯೇ ದೊರೆಯುತ್ತಿರಲಿಲ್ಲ. ಈ ಸೀಮೆಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ, ಅಂದರೆ ಡಿಮ್ಹಾನ್ಸ್, ದೂರವಲ್ಲ. ಆ ದಾರಿಯನ್ನು ತೋರಿಸುವುದು ಅವಿಶ್ವಾಸವಲ್ಲ, ಪಾಲಕತ್ವ. ಹುಟ್ಟುಕುರುಡನನ್ನು ಕಂಡು ಯಾರ ಪಾಪವೆಂದು ಕೇಳಿದ ಶಿಷ್ಯರ ಪ್ರಶ್ನೆಯನ್ನೇ ಕರ್ತನು ಯೋಹಾನ 9ರಲ್ಲಿ ತಳ್ಳಿಹಾಕಿದನು.

ಹಳೆಯ ಸಭೆಗಳು ಈ ವಿಷಯದಲ್ಲಿ ಕಟ್ಟುನಿಟ್ಟುಗಳನ್ನು ಇಟ್ಟಿರುವುದು ಅನುಭವದಿಂದಲೇ. ಕಥೋಲಿಕ ಸಭೆಯ ನಿಯಮಸಂಹಿತೆಯ 1172ನೆಯ ನಿಯಮದಂತೆ ಬಿಷಪರ ಸ್ಪಷ್ಟ ಅನುಮತಿಯಿಲ್ಲದೆ ಯಾವ ಗುರುವೂ ವಿಧ್ಯುಕ್ತವಾಗಿ ದೆವ್ವ ಬಿಡಿಸುವಂತಿಲ್ಲ. ರಾಜ್ಯದ ಕಾನೂನೂ ಇದೆ: ಅಮಾನವೀಯ ದುಷ್ಟ ಪದ್ಧತಿಗಳು ಹಾಗೂ ವಾಮಾಚಾರವನ್ನು ತಡೆಯುವ 2017ರ ಕರ್ನಾಟಕ ಅಧಿನಿಯಮವು 2020ರಲ್ಲಿ ಜಾರಿಗೆ ಬಂದಿದ್ದು, ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದನ್ನೂ ಹಿಂಸಿಸುವುದನ್ನೂ ಅಪರಾಧವೆನ್ನುತ್ತದೆ. ಹೊಡೆಯುವ ಕೈ ಪೂಜಾರಿಯದಾದರೇನು, ಪಾಸ್ಟರನದಾದರೇನು?

ಸಭೆಯ ಒಳಗೂ ಹೊರಗೂ

ಲೆಕ್ಕಪತ್ರ ಕೇಳಿದ ಸಭಾಸದಸ್ಯೆಯಲ್ಲಿ ‘ಈಜೆಬೆಲಳ ಆತ್ಮ’ವನ್ನು ಕಾಣುವುದು, ಬಡತನವನ್ನು ವಂಶದ ಶಾಪವೆಂದು ಹೆದರಿಸಿ ಕಾಣಿಕೆ ಕೇಳುವುದು, ಇವು ಆತ್ಮಿಕ ಹೋರಾಟವಲ್ಲ, ಆತ್ಮಿಕ ದಬ್ಬಾಳಿಕೆ. ತಂದೆಯ ದೋಷವನ್ನು ಮಗನು ಹೊರುವುದಿಲ್ಲವೆಂದು ಯೆಹೆಜ್ಕೇಲ 18 ಈ ವ್ಯಾಪಾರದ ಬೇರನ್ನೇ ಕೀಳುತ್ತದೆ.

ಹೊರಗಿನವರ ಕಿವಿಗೂ ನಮ್ಮ ಮಾತು ಬೀಳುತ್ತದೆ. 2008ರ ಸೆಪ್ಟೆಂಬರಿನಲ್ಲಿ ಮಂಗಳೂರಿನಲ್ಲಿಯೂ ರಾಜ್ಯದ ಇತರ ಕಡೆಗಳಲ್ಲಿಯೂ ಚರ್ಚುಗಳ ಮೇಲೆ ದಾಳಿಯಾದಾಗ ಹಿಂದೂ ದೇವತೆಗಳನ್ನು ಹೀಗಳೆದಿದೆಯೆನ್ನಲಾದ ಒಂದು ಪುಸ್ತಕವನ್ನು ಕಾರಣವಾಗಿ ಮುಂದೊಡ್ಡಲಾಯಿತು. ಯಾವ ಪುಸ್ತಕವೂ ಹಿಂಸೆಯನ್ನು ಸಮರ್ಥಿಸದು. ದಾಳಿಯ ಹೊಣೆ ದಾಳಿಮಾಡಿದವರದೇ. ಆದರೂ ನಮ್ಮ ಪಾಲಿನ ಪ್ರಶ್ನೆ ಉಳಿಯುತ್ತದೆ: ನೆರೆಯವನು ಪೂಜ್ಯವೆಂದು ಬಗೆದದ್ದನ್ನು ಧ್ವನಿವರ್ಧಕದಲ್ಲಿ ನಿಂದಿಸುವುದು ಯಾವ ಆತ್ಮದ ಫಲ? ಎಫೆಸದಲ್ಲಿ ಪೌಲನ ಜೊತೆಗಾರರು ಅಲ್ಲಿನ ದೇವಿಯನ್ನು ದೂಷಿಸಿದವರಲ್ಲವೆಂದು ಆ ಊರಿನ ಅಧಿಕಾರಿಯೇ ಸಾಕ್ಷಿ ನುಡಿದನು.

ಸಮಾರೋಪ

ನಮ್ಮ ಸೆಮಿನರಿಗಳ ಕೊರತೆಯನ್ನೂ ಒಪ್ಪಿಕೊಳ್ಳಬೇಕು. ಗ್ರೀಕ್ ಕ್ರಿಯಾಪದದ ಕಾಲವನ್ನು ಗುರುತಿಸಲು ನಾವು ಕಲಿಸುತ್ತೇವೆ. ಭಯಗೊಂಡ ಕುಟುಂಬದೊಡನೆ ರಾತ್ರಿ ಕಳೆಯುವುದನ್ನು ಅಷ್ಟಾಗಿ ಕಲಿಸುವುದಿಲ್ಲ. ಹಾಗೆ ಕರೆ ಬಂದಾಗ ಹೋಗಬೇಕು, ತಿರಸ್ಕರಿಸದೆ ಕೇಳಬೇಕು, ಒಬ್ಬನೇ ಹೋಗದೆ ಸಭೆಯ ಹಿರಿಯರನ್ನೂ, ರೋಗಿ ಹೆಂಗಸಾದರೆ ಹೆಂಗಸರನ್ನೂ ಕರೆದೊಯ್ಯಬೇಕು, ಮೆಲುದನಿಯಲ್ಲಿ ಪ್ರಾರ್ಥಿಸಬೇಕು, ಹೊಡೆಯಬಾರದು, ಕಟ್ಟಬಾರದು, ಹಣ ಮುಟ್ಟಬಾರದು, ಔಷಧ ನಿಲ್ಲಿಸಬಾರದು, ಬೆಳಗಾದೊಡನೆ ವೈದ್ಯರ ಬಳಿಗೆ ಜೊತೆಯಾಗಿ ಹೋಗಬೇಕು. ಬಳಿಕ ಮುಂದಿನ ವಾರವೂ ಆ ಮನೆಯ ಬಾಗಿಲಿಗೆ ಹೋಗಬೇಕು.

ಪೌಲನು ಹೇಳಿದ ಸರ್ವಾಯುಧದಲ್ಲಿ ಕಾಲಿಗೆ ಮೆಟ್ಟಿಕೊಳ್ಳುವುದು ಸಮಾಧಾನದ ಸುವಾರ್ತೆಗಾಗಿರುವ ಸಿದ್ಧತೆಯನ್ನು. ಕುಳಗಿಯ ಕಡೆಗೆ ನಡೆಯುವ ಸಭಾಪಾಲಕನ ಹೆಜ್ಜೆ ಸಪ್ಪಳ ಕೇಳಿದಾಗ ಅಲ್ಲಿನ ಮನೆಯವರಿಗೆ, ಅವರು ಯಾವ ದೇವರನ್ನು ನಂಬಿದವರೇ ಆಗಿರಲಿ, ಭಯವಾಗದಿದ್ದರೆ ಅವನು ಆ ಆಯುಧವನ್ನು ಸರಿಯಾಗಿ ಧರಿಸಿದ್ದಾನೆಂದು ತಿಳಿಯಬಹುದು.