ಮಳವಳ್ಳಿಯ ಮಾಸಾಶನವೂ ದೆಹಲಿಯ ಫಲಕವೂ

ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನಲ್ಲಿ ಎರಡು ಹೆಸರಾಂತ ಜಲವಿದ್ಯುದಾಗಾರಗಳಿವೆ. ಒಂದು, 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಕಳುಹಿಸಲು ತೊಡಗಿದ ಶಿವನಸಮುದ್ರ. ಇನ್ನೊಂದು, 1940ರಲ್ಲಿ ಕೆಲಸಕ್ಕೆ ತೊಡಗಿದ ಶಿಂಷಾ. ಇಂತಹ ವಿದ್ಯುದಾಗಾರದಲ್ಲಿ ಯಂತ್ರಗಳ ಸ್ಥಿತಿಯನ್ನು ತಿಳಿಸುವ ಮಾಪಕಗಳನ್ನೆಲ್ಲ ಒಂದು ಫಲಕದ ಮೇಲೆ ಸಾಲಾಗಿ ಜೋಡಿಸಿರುತ್ತಾರೆ. ಎಂಜಿನಿಯರು ಯಂತ್ರದಿಂದ ಯಂತ್ರಕ್ಕೆ ಓಡಾಡಬೇಕಾಗಿಲ್ಲ. ಫಲಕದ ಮುಂದೆ ನಿಂತರೆ ಸಾಕು.

ಇಂದು ಸರ್ಕಾರಗಳೂ ಇಂತಹ ಫಲಕಗಳನ್ನು ಕಟ್ಟಿಕೊಂಡಿವೆ. ಇವಕ್ಕೆ ಡ್ಯಾಷ್‌ಬೋರ್ಡ್ ಎಂದು ಹೆಸರು. ಮಳವಳ್ಳಿಯ ಒಂದು ಹಳ್ಳಿಯಲ್ಲಿ ವೃದ್ಧೆಯೊಬ್ಬರಿಗೆ ಸಲ್ಲುವ ಮಾಸಾಶನ ದೆಹಲಿಯ ಫಲಕದಲ್ಲಿ ಒಂದು ಅಂಕೆಯಾಗಿ ಕಾಣಿಸಿಕೊಳ್ಳುತ್ತದೆ. ನಡುವೆ ಏನೇನು ನಡೆಯುತ್ತದೆ? ಆ ಅಂಕೆಯನ್ನು ಎಷ್ಟರಮಟ್ಟಿಗೆ ನಂಬಬಹುದು? ಈ ಪ್ರಶ್ನೆಗಳು ಕೇವಲ ಕಚೇರಿಯವರ ಪ್ರಶ್ನೆಗಳಲ್ಲ. ಅಜ್ಜಿಯ ಒಂದು ತಿಂಗಳ ಔಷಧ, ರಾಗಿ, ಉಪ್ಪು, ಎಣ್ಣೆ ಇವುಗಳ ಉತ್ತರಕ್ಕಾಗಿ ಕಾದಿರುತ್ತವೆ.

ಮಾಪಕ ಮತ್ತು ತಂತಿ

ಭೌತವಿಜ್ಞಾನದ ಉದಾಹರಣೆಯೊಂದರಿಂದ ಹೊರಡೋಣ. 66,000 ವೋಲ್ಟಿನ ತಂತಿಗೆ ಫಲಕದ ಮಾಪಕವನ್ನು ಯಾರೂ ನೇರವಾಗಿ ಜೋಡಿಸುವುದಿಲ್ಲ. ಜೋಡಿಸಿದರೆ ಮಾಪಕವೂ ಉಳಿಯದು, ನೋಡುವವನೂ ಉಳಿಯನು. ನಡುವೆ ಒಂದು ಟ್ರಾನ್ಸ್‌ಫಾರ್ಮರನ್ನು ಇಡುತ್ತಾರೆ. ಅದು ವೋಲ್ಟೇಜನ್ನು 600ರಲ್ಲಿ ಒಂದು ಪಾಲಿಗೆ ಇಳಿಸಿ, 110 ವೋಲ್ಟನ್ನು ಮಾತ್ರ ಮಾಪಕಕ್ಕೆ ಕೊಡುತ್ತದೆ. ಮಾಪಕದ ಮುಖದ ಮೇಲೆ ಮಾತ್ರ 66,000 ಎಂದೇ ಬರೆದಿರುತ್ತದೆ. ಈ ನಡುವಣ ಉಪಕರಣವೇ ಮಧ್ಯವರ್ತಿ. ಅದರ ಗುಣ ಎರಡು: ಆಚೆಯ ಅಪಾಯವನ್ನು ಈಚೆಗೆ ಬಿಡಬಾರದು, ಪ್ರಮಾಣವನ್ನು ಕೆಡಿಸಬಾರದು. ಪ್ರಮಾಣ ಕೆಟ್ಟರೆ ಮಾಪಕ ಎಷ್ಟೇ ಉತ್ತಮವಾಗಿರಲಿ, ಸುಳ್ಳನ್ನೇ ಹೇಳುತ್ತದೆ.

ಮಾಸಾಶನದ ಲೆಕ್ಕದಲ್ಲಿಯೂ ಹೀಗೆಯೇ. ಹಳ್ಳಿಯ ಪ್ರತಿಯೊಬ್ಬ ವೃದ್ಧರ ಹೆಸರು, ಖಾತೆ, ಬಡತನದ ವಿವರ ಇವೆಲ್ಲ ರಾಷ್ಟ್ರದ ಫಲಕಕ್ಕೆ ಬೇಕಾಗಿಲ್ಲ. ಎಷ್ಟು ಜನಕ್ಕೆ ಎಷ್ಟು ಹಣ ಸಂದಿತೆಂಬ ಮೊತ್ತ ಸಾಕು. ಆ ಮೊತ್ತವನ್ನು ಕೆಡಿಸದೆ ಇಳಿಸಿ ಕೊಡುವುದು ನಡುವಿನವರ ಕೆಲಸ.

ಮಧ್ಯವರ್ತಿ ಏಕೆ?

ಭಾರತ ಸರ್ಕಾರ 1995ರ ಆಗಸ್ಟ್ 15ರಂದು ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮವನ್ನು ಆರಂಭಿಸಿತು. ಅದರ ವೃದ್ಧಾಪ್ಯ ವೇತನದಲ್ಲಿ 60ರಿಂದ 79 ವರ್ಷದವರಿಗೆ ತಿಂಗಳಿಗೆ 200 ರೂಪಾಯಿ, 80 ದಾಟಿದವರಿಗೆ 500 ರೂಪಾಯಿ ಕೇಂದ್ರದ ಪಾಲೆಂದು ಗೊತ್ತುಮಾಡಲಾಯಿತು. ಅದರ ಮೇಲೆ ರಾಜ್ಯ ತನ್ನ ಪಾಲನ್ನು ಸೇರಿಸುತ್ತದೆ. ಇದಲ್ಲದೆ ಕರ್ನಾಟಕ 2007ರಲ್ಲಿ 65 ವರ್ಷ ತುಂಬಿದವರಿಗಾಗಿ ಸಂಧ್ಯಾ ಸುರಕ್ಷಾ ಎಂಬ ತನ್ನದೇ ಯೋಜನೆಯನ್ನು ತಂದಿತು. ವಿಧವಾ ವೇತನ, ಅಂಗವಿಕಲರ ವೇತನ ಮೊದಲಾದುವು ಬೇರೆ. ಇತ್ತ ಯೋಜನೆಗಳು ಹಲವು. ಅತ್ತ ಲೆಕ್ಕ ಕೇಳುವವರೂ ಹಲವರು.

ಏಳು ಯೋಜನೆಗಳಿವೆ, ಲೆಕ್ಕ ಕೇಳುವ ಕಚೇರಿಗಳು ಐದು ಎಂದು ಭಾವಿಸೋಣ. ಪ್ರತಿ ಯೋಜನೆಯಿಂದ ಪ್ರತಿ ಕಚೇರಿಗೂ ಒಂದೊಂದು ತಂತಿ ಎಳೆದರೆ ಏಳೈದಲೆ ಮೂವತ್ತೈದು ತಂತಿಗಳು. ನಡುವೆ ಒಂದು ಕೇಂದ್ರವನ್ನಿಟ್ಟು ಎಲ್ಲರೂ ಅದಕ್ಕೆ ಮಾತ್ರ ಜೋಡಿಸಿಕೊಂಡರೆ ಏಳು ಕೂಡಿಸು ಐದು, ಹನ್ನೆರಡೇ ತಂತಿ. ಎಂಟನೆಯ ಯೋಜನೆ ಬಂದರೆ ಮೊದಲ ಏರ್ಪಾಟಿನಲ್ಲಿ ಐದು ಹೊಸ ತಂತಿ ಬೇಕು. ಎರಡನೆಯದರಲ್ಲಿ ಒಂದು ಸಾಕು. ಗುಣಾಕಾರವನ್ನು ಸಂಕಲನಕ್ಕೆ ಇಳಿಸುವುದೇ ಮಧ್ಯವರ್ತಿಯ ಗುಟ್ಟು. ಎರಡು ಯೋಜನೆ, ಎರಡು ಕಚೇರಿ ಮಾತ್ರ ಇದ್ದರೆ ಎರಡು ಲೆಕ್ಕವೂ ನಾಲ್ಕೇ. ಆಗ ಮಧ್ಯವರ್ತಿಯಿಂದ ತಂತಿಯ ಉಳಿತಾಯವಿಲ್ಲ.

ಇನ್ನೊಂದು ಕಾರಣವೂ ಉಂಟು. ಬೆಂಗಳೂರು-ಮೈಸೂರು ರೈಲುಮಾರ್ಗ ಮದ್ದೂರು, ಮಂಡ್ಯಗಳ ಮೂಲಕ ಹಾದುಹೋಗುತ್ತದೆ, ಮಳವಳ್ಳಿಗೆ ರೈಲಿಲ್ಲ. ಮಳವಳ್ಳಿಯವರು ರೈಲನ್ನು ಹಿಡಿಯಲು ತಮ್ಮೂರಿಗೆ ಹಳಿ ಬರುವವರೆಗೆ ಕಾಯುವುದಿಲ್ಲ. ಬಸ್ಸಿನಲ್ಲಿ ಮದ್ದೂರಿಗೋ ಮಂಡ್ಯಕ್ಕೋ ಬರುತ್ತಾರೆ. ಸಣ್ಣ ಯೋಜನೆಯೊಂದು ತನ್ನದೇ ಹಳಿಯನ್ನು ಹಾಕಿಸಿಕೊಳ್ಳಲಾರದು. ಆಗಲೇ ಹಳಿ ಇರುವ ನಿಲ್ದಾಣಕ್ಕೆ ಬಂದು ಸೇರಬಲ್ಲದು. ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಬಸ್ಸು ಕೆಟ್ಟರೆ ಅದರಲ್ಲಿದ್ದವರೆಲ್ಲರಿಗೂ ರೈಲು ತಪ್ಪುತ್ತದೆ.

ಹಣದ ದಾರಿ, ಸುದ್ದಿಯ ದಾರಿ

ಅರ್ಜಿ ನಾಡಕಚೇರಿಯಲ್ಲಿ ಹುಟ್ಟುತ್ತದೆ. ಗ್ರಾಮದ ಕಂದಾಯ ಅಧಿಕಾರಿ ವಿಚಾರಣೆ ಮಾಡಿ ವರದಿ ಕೊಟ್ಟ ಮೇಲೆ ಮಂಜೂರಾತಿಯ ಆದೇಶವಾಗುತ್ತದೆ. ಅಲ್ಲಿಂದ ಮುಂದೆ ಎರಡು ದಾರಿಗಳು ಕವಲೊಡೆಯುತ್ತವೆ.

ಮೊದಲನೆಯದು ಹಣದ ದಾರಿ. ಹಿಂದೆ ಅಂಚೆಯವರು ಮನಿಯಾರ್ಡರಿನ ಮೂಲಕ ತಂದುಕೊಡುತ್ತಿದ್ದ ಹಣ ಈಗ ಖಜಾನೆಯಿಂದ ಹೊರಟು ಬ್ಯಾಂಕಿನ ಅಥವಾ ಅಂಚೆಯ ಖಾತೆಗೆ ಸೇರುತ್ತದೆ. ಆಧಾರ್ ಸಂಖ್ಯೆಯ ಆಧಾರದ ಮೇಲೆ ಹಣ ಕಳುಹಿಸುವಾಗ ರಾಷ್ಟ್ರೀಯ ಪಾವತಿ ನಿಗಮವು ನಡುವೆ ನಿಲ್ಲುತ್ತದೆ. ಅದರ ಬಳಿ ಇರುವ ನಕ್ಷೆಯಲ್ಲಿ ಯಾವ ಆಧಾರ್ ಸಂಖ್ಯೆ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂಬುದಷ್ಟೇ ಇರುತ್ತದೆ. ಖಾತೆಯ ಸಂಖ್ಯೆ ಇರುವುದಿಲ್ಲ. ಖಾತೆಯನ್ನು ಹುಡುಕಿ ಹಣವನ್ನು ಜಮೆಮಾಡುವುದು ಆಯಾ ಬ್ಯಾಂಕಿನ ಹೊಣೆ. ಕೆಲಸಕ್ಕೆ ಎಷ್ಟು ಬೇಕೋ ಅಷ್ಟನ್ನೇ ತಿಳಿದಿರುವುದು ಒಳ್ಳೆಯ ಮಧ್ಯವರ್ತಿಯ ಲಕ್ಷಣ.

ಎರಡನೆಯದು ಸುದ್ದಿಯ ದಾರಿ. ದೇಶದಲ್ಲಿ ನೇರ ನಗದು ವರ್ಗಾವಣೆಯ ಪದ್ಧತಿ 2013ರ ಜನವರಿ 1ರಂದು ಆರಂಭವಾಯಿತು. 2015ರಲ್ಲಿ ಅದರ ಮೇಲ್ವಿಚಾರಣೆ ಕೇಂದ್ರದ ಸಚಿವಸಂಪುಟ ಕಾರ್ಯಾಲಯಕ್ಕೆ ಬಂದಿತು. ರಾಜ್ಯದ ಯೋಜನೆಗಳ ಅಂಕೆಸಂಖ್ಯೆಗಳನ್ನು ರಾಜ್ಯದ ಕೇಂದ್ರವೊಂದು ಒಟ್ಟುಗೂಡಿಸಿ ರಾಷ್ಟ್ರದ ಫಲಕಕ್ಕೆ ತಲಪಿಸುತ್ತದೆ. ಇಲ್ಲಿ ಎಚ್ಚರ ಬೇಕು. ಒಬ್ಬರೇ ವೃದ್ಧರಿಗೆ ಕೇಂದ್ರದ ಪಾಲೂ ರಾಜ್ಯದ ಪಾಲೂ ಸೇರಿ ಸಲ್ಲುವುದರಿಂದ, ಹಣವನ್ನು ಎರಡು ಪಾಲಾಗಿ ಎಣಿಸಿದರೂ ಮನುಷ್ಯರನ್ನು ಒಮ್ಮೆಯೇ ಎಣಿಸಬೇಕು.

ಅಂಕೆಯ ಕಾವಲು

ಆಧಾರ್ ಸಂಖ್ಯೆಯಲ್ಲಿ 12 ಅಂಕೆಗಳಿವೆ. ಕೊನೆಯದು ಉಳಿದ ಹನ್ನೊಂದರ ಕಾವಲುಗಾರ. ಅವುಗಳಿಂದಲೇ ಅದನ್ನು ಲೆಕ್ಕಹಾಕುತ್ತಾರೆ. ಸುಮ್ಮನೆ ಅಂಕೆಗಳನ್ನು ಕೂಡಿ ಕಾವಲಂಕೆಯನ್ನು ಪಡೆದರೆ ಸಾಲದು. 38ರ ಬದಲು 83 ಎಂದು ಬರೆದರೂ ಮೊತ್ತ 11ಏ, ತಪ್ಪು ನುಸುಳಿಹೋಗುತ್ತದೆ. ಇದನ್ನು ತಡೆಯಲು ಹಾಲೆಂಡಿನ ಗಣಿತಜ್ಞ ವೆರ್ಹೂಫ್ 1969ರಲ್ಲಿ ಪ್ರಕಟಿಸಿದ ವಿಧಾನವನ್ನು ಆಧಾರ್‌ನಲ್ಲಿ ಬಳಸಿದ್ದಾರೆ.

ಅದರ ತಿರುಳು ಸ್ವಾರಸ್ಯಕರವಾದುದು. ಸಮಭುಜಗಳುಳ್ಳ ಪಂಚಕೋನವೊಂದನ್ನು ರಟ್ಟಿನಲ್ಲಿ ಕತ್ತರಿಸಿ, ಮೂಲೆಗಳಿಗೆ ಗುರುತು ಹಾಕಿರಿ. ಅದನ್ನು ಒಂದು ಮೂಲೆಯಷ್ಟು ತಿರುಗಿಸಿ ಆಮೇಲೆ ಮಗುಚಿರಿ. ಇನ್ನೊಮ್ಮೆ ಮೊದಲು ಮಗುಚಿ ಆಮೇಲೆ ಅದೇ ದಿಕ್ಕಿಗೆ ತಿರುಗಿಸಿರಿ. ಮೂಲೆಗಳು ಬೇರೆ ಬೇರೆ ಕಡೆ ನಿಲ್ಲುತ್ತವೆ. ಸಂಕಲನದಲ್ಲಿ ಕ್ರಮಕ್ಕೆ ಬೆಲೆಯಿಲ್ಲ. ಇಲ್ಲಿ ಕ್ರಮಕ್ಕೆ ಬೆಲೆಯುಂಟು. ಪಂಚಕೋನದ ಇಂತಹ ಹತ್ತು ಚಲನೆಗಳನ್ನು ಹತ್ತು ಅಂಕೆಗಳೊಡನೆ ಹೊಂದಿಸಿ, ಅಂಕೆಯ ಸ್ಥಾನಕ್ಕೆ ತಕ್ಕ ಅದಲುಬದಲನ್ನೂ ಸೇರಿಸಿದರೆ, ಒಂದೇ ಅಂಕೆಯ ತಪ್ಪೂ ಪಕ್ಕದ ಎರಡು ಅಂಕೆಗಳು ಅದಲುಬದಲಾದ ತಪ್ಪೂ ಪೂರ್ತಿಯಾಗಿ ಸಿಕ್ಕಿಬೀಳುತ್ತವೆ. ಆದರೆ ಸಂಖ್ಯೆಯ ರಚನೆ ಸರಿಯಾಗಿದೆಯೆಂದು ಮಾತ್ರ ಕಾವಲಂಕೆ ಹೇಳಬಲ್ಲದು. ಆ ಸಂಖ್ಯೆ ಈ ಅಜ್ಜಿಯದೇ ಎಂದು ಹೇಳಲಾರದು.

ಹೆಸರಿನ ತೊಡಕು

ಹೆಸರುಗಳಿಗೆ ಕಾವಲಂಕೆ ಇಲ್ಲ. ಚಿಕ್ಕತಾಯಮ್ಮ ಎಂಬ ಹೆಸರು ಒಂದು ದಾಖಲೆಯಲ್ಲಿ ಒಂದೇ ಪದ, ಇನ್ನೊಂದರಲ್ಲಿ ‘ಚಿಕ್ಕ ತಾಯಮ್ಮ’, ಮತ್ತೊಂದರಲ್ಲಿ ‘ಚಿಕ್ತಾಯಮ್ಮ’. ಇಂಗ್ಲಿಷ್ ಲಿಪಿಗೆ ಹೋಗಿ ಬಂದರೆ ರೂಪಗಳು ಇನ್ನೂ ಹೆಚ್ಚುತ್ತವೆ. ಹುಟ್ಟಿದ ತಾರೀಖನ್ನು ಅಂದಾಜಿನಲ್ಲಿ ಬರೆಸಿದವರು ನಮ್ಮ ಹಿರಿಯರಲ್ಲಿ ಬಹಳ. ಯಂತ್ರಕ್ಕೆ ಇವರೆಲ್ಲ ಬೇರೆ ಬೇರೆ ಮನುಷ್ಯರಂತೆ ತೋರಬಹುದು.

ಇದು ರಾಗಿಯನ್ನು ಜರಡಿ ಹಿಡಿಯುವ ಸಮಸ್ಯೆ. ಕಣ್ಣು ಸಣ್ಣದಾದರೆ ಒಳ್ಳೆಯ ಕಾಳೂ ಮೇಲೆಯೇ ಉಳಿದುಬಿಡುತ್ತದೆ; ದೊಡ್ಡದಾದರೆ ಕಲ್ಲೂ ಕೆಳಗಿಳಿಯುತ್ತದೆ. ಹೋಲಿಕೆಯ ನಿಯಮವನ್ನು ಬಿಗಿಗೊಳಿಸಿದರೆ ಅರ್ಹರಾದ ಅಜ್ಜಿ ಹೊರಗುಳಿಯುತ್ತಾರೆ. ಸಡಿಲಿಸಿದರೆ ಒಬ್ಬರ ಹಣ ಇನ್ನೊಬ್ಬರ ಪಾಲಾಗುತ್ತದೆ. ಎರಡು ತಪ್ಪನ್ನೂ ಒಟ್ಟಿಗೆ ಸೊನ್ನೆ ಮಾಡುವ ಜರಡಿ ಇಲ್ಲ. ಆದುದರಿಂದ ಅನುಮಾನಕ್ಕೆ ಸಿಕ್ಕವರನ್ನು ಯಂತ್ರ ತಾನೇ ತಳ್ಳಿಹಾಕದೆ, ಮನುಷ್ಯರ ವಿಚಾರಣೆಗೆ ಒಪ್ಪಿಸಬೇಕು.

ಹೊರನಾಡಿನ ಏರ್ಪಾಟು

ದೆಹಲಿಯ ಫಲಕ ಮೊತ್ತವನ್ನು ತೋರಿಸುತ್ತದೆ. ಕೆಲವು ದೇಶಗಳು ಪ್ರತಿಯೊಬ್ಬನಿಗೂ ಅವನವನದೇ ಪಿಂಚಣಿಯನ್ನು ತೋರಿಸುವ ಫಲಕಗಳನ್ನು ಕಟ್ಟಿವೆ. ಡೆನ್ಮಾರ್ಕಿನಲ್ಲಿ ಇದು 1999ರಲ್ಲಿಯೇ ಬಂದಿತು. ಬ್ರಿಟನ್ನಿನಲ್ಲಿ 2021ರ ಕಾಯಿದೆ ಇದಕ್ಕೆ ತಳಹದಿ ಹಾಕಿತು. ಅಲ್ಲಿನ ಪಿಂಚಣಿ ಯೋಜನೆಗಳು ಜೋಡಣೆಯಾಗಲು 2026ರ ಅಕ್ಟೋಬರ್ 31 ಕೊನೆಯ ಗಡುವೆಂದು ಗೊತ್ತಾಯಿತು. ನೇರವಾಗಿ ಜೋಡಿಸಿಕೊಳ್ಳಲಾಗದ ಯೋಜನೆಗಳು ಮಧ್ಯವರ್ತಿ ಸಂಸ್ಥೆಗಳ ಮೂಲಕ ಸೇರಿಕೊಳ್ಳಬಹುದು. ಅಲ್ಲಿಯ ಕೇಂದ್ರದಲ್ಲಿ ಯಾರ ಪಿಂಚಣಿಯ ವಿವರವನ್ನೂ ಕೂಡಿಡುವುದಿಲ್ಲ; ಒಡೆಯ ಕೇಳಿದಾಗ ಮಾತ್ರ ಯೋಜನೆಯಿಂದ ತರಿಸಿ ತೋರಿಸಲಾಗುತ್ತದೆ. ಭಾರತದ ರಿಸರ್ವ್ ಬ್ಯಾಂಕು 2016ರಲ್ಲಿ ಖಾತಾ ಸಂಗ್ರಾಹಕ ಸಂಸ್ಥೆಗಳಿಗೆ ನಿಯಮ ಮಾಡಿದಾಗ ಇಂತಹುದೇ ತತ್ತ್ವವನ್ನು ಹಿಡಿಯಿತು: ಮುಚ್ಚಿದ ಲಕೋಟೆಯನ್ನು ಒಡೆಯನ ಒಪ್ಪಿಗೆಯಿಂದ ಸಾಗಿಸಬಹುದು, ಒಡೆದು ಓದಬಾರದು.

ಫಲಕ ತೋರಿಸದಿರುವುದು

ವಿಶ್ವೇಶ್ವರಯ್ಯ ನಾಲೆಗೆ ಬಿಟ್ಟ ನೀರಿನ ಲೆಕ್ಕ ಬೇರೆ. ಮದ್ದೂರು, ಮಳವಳ್ಳಿಗಳಲ್ಲಿ ನಾಲೆಯ ಕೊನೆಯ ಗದ್ದೆಗೆ ಮುಟ್ಟಿದ ನೀರಿನ ಲೆಕ್ಕ ಬೇರೆ. ಇದನ್ನು ಮಂಡ್ಯದ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಾಸಾಶನದಲ್ಲಿಯೂ ಕಳುಹಿಸಿದ್ದು, ಜಮೆಯಾದದ್ದು, ಹಿಂದಿರುಗಿದ್ದು, ಕೈಗೆ ಬಂದದ್ದು ಎಂದು ನಾಲ್ಕು ಅಂಕೆಗಳುಂಟು. ಮೊದಲನೆಯದನ್ನು ಮಾತ್ರ ನೋಡಿ ಸಮಾಧಾನಪಡುವುದು ಸರಿಯಲ್ಲ.

ಒಂದು ಸಂದರ್ಭವನ್ನು ಊಹಿಸಿರಿ. ಅಜ್ಜಿಯೊಬ್ಬರು ಯಾವುದೋ ಕೆಲಸಕ್ಕೆಂದು ಎರಡನೆಯ ಬ್ಯಾಂಕಿನಲ್ಲಿ ಖಾತೆ ತೆರೆದು, ಅಲ್ಲಿ ಆಧಾರ್ ಜೋಡಣೆಗೆ ಹೆಬ್ಬೆಟ್ಟು ಒತ್ತುತ್ತಾರೆ. ನಿಗಮದ ನಕ್ಷೆಯಲ್ಲಿ ಒಂದು ಸಂಖ್ಯೆಗೆ ಒಂದೇ ಬ್ಯಾಂಕು. ಹೊಸ ಜೋಡಣೆ ಹಳೆಯದನ್ನು ಅಳಿಸುತ್ತದೆ. ಮುಂದಿನ ತಿಂಗಳ ಹಣ ಹೊಸ ಖಾತೆಗೆ ಹೋಗುತ್ತದೆ. ಅಜ್ಜಿ ಹಳೆಯ ಪಾಸ್‌ಬುಕ್ ಹಿಡಿದು ಹಳೆಯ ಬ್ಯಾಂಕಿಗೆ ಅಲೆದು, “ಮಾಸಾಶನ ನಿಂತುಹೋಯಿತು” ಎಂದು ಕೊರಗುತ್ತಾರೆ. ಫಲಕದಲ್ಲಿ ಮಾತ್ರ ಎಲ್ಲವೂ ಸರಿಯಾಗಿಯೇ ಇದೆ. ಹಣ ಖಾತೆಯಲ್ಲಿದ್ದರೂ, ದುಡಿಮೆಯಿಂದಲೂ ವಯಸ್ಸಿನಿಂದಲೂ ಸವೆದ ಬೆರಳಿನ ಗುರುತನ್ನು ಯಂತ್ರ ಒಪ್ಪದಿರಬಹುದು.

ಇಲ್ಲಿ ವಿದ್ಯಾರ್ಥಿಗಳು ಮಾಡಬಹುದಾದ ಕೆಲಸವಿದೆ. ನಿಮ್ಮ ಮನೆಯ ಅಥವಾ ನೆರೆಯ ಹಿರಿಯರ ಆಧಾರ್ ಸಂಖ್ಯೆ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂಬುದನ್ನು ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ನೋಡಬಹುದು, ಬ್ಯಾಂಕಿನಲ್ಲಿಯೂ ವಿಚಾರಿಸಬಹುದು. ಇದನ್ನು ಹಿರಿಯರ ಎದುರಿನಲ್ಲಿಯೇ, ಅವರ ಒಪ್ಪಿಗೆ ಪಡೆದು ಮಾಡಿರಿ. ಫೋನಿಗೆ ಬರುವ ಗುಪ್ತಸಂಖ್ಯೆಯನ್ನು ಅಪರಿಚಿತರಿಗೆ ಹೇಳಬಾರದೆಂದು ತಿಳಿಸಿರಿ. ಆದೇಶಪತ್ರ, ಆಧಾರ್, ಪಾಸ್‌ಬುಕ್ ಮೂರರಲ್ಲಿಯೂ ಹೆಸರು ಒಂದೇ ಬಗೆಯಾಗಿದೆಯೇ ಎಂದು ಹೋಲಿಸಿರಿ. ವ್ಯತ್ಯಾಸ ಕಂಡರೆ ಹಣ ನಿಲ್ಲುವವರೆಗೆ ಕಾಯದೆ ನಾಡಕಚೇರಿಯಲ್ಲಿ ಲಿಖಿತವಾಗಿ ತಿಳಿಸಿ, ಸ್ವೀಕೃತಿಯನ್ನು ಪಡೆದು ಪಾಸ್‌ಬುಕ್ಕಿನೊಳಗೆ ಇಟ್ಟುಕೊಡಿರಿ.